ಸವಕಳಿ ಕಳೆಯದ ವಿಮೆ: ಬಾಗಲಕೋಟೆಯ ನಮ್ಮ ಪುಟ್ಟ ಸಂಗ್ರಹಾಲಯದ ಅನುಭವ

ವಸ್ತುಸಂಗ್ರಹಾಲಯ, ಕಲಾ ಗ್ಯಾಲರಿಗಳಿಗೆಂದೇ ಇರುವ ವಿಮೆ, ಏಜೆಂಟರ ಬಾಯಲ್ಲಿ 'ಫೈನ್ ಆರ್ಟ್ ಪಾಲಿಸಿ', ನಮ್ಮ ಟ್ರಸ್ಟಿನ ಹೆಸರಲ್ಲಿ ಕೆಲವು ವರ್ಷಗಳಿಂದ ಇದೆ. ನವೀಕರಣಗಳ ನಡುವೆ ಒಂದು ಕ್ಲೇಮೂ ಆಗಿದೆ. ಯಾವ ಯಾವ ಅಪಾಯ ಸೇರಿವೆ ಎಂಬ ಪಟ್ಟಿ ಬ್ರೋಷರಿನಲ್ಲೇ ಇರುತ್ತದೆ, ಅದನ್ನಿಲ್ಲಿ ಮತ್ತೆ ಬರೆಯುವುದಿಲ್ಲ. ನಾನು ಬರೆಯಲು ಕೂತಿರುವುದು ಅದರಲ್ಲಿನ ಒಂದೇ ಒಂದು ಕಲಮಿನ ಸಲುವಾಗಿ. ವಸ್ತುವಿನ ಬೆಲೆಯನ್ನು ಪಾಲಿಸಿ ಬರೆಯುವ ದಿನವೇ ಇಬ್ಬರೂ ಕೂತು ಒಪ್ಪಿಕೊಳ್ಳುವ ಕಲಮು ಅದು. 'ಅಗ್ರೀಡ್ ವ್ಯಾಲ್ಯೂ' ಎನ್ನುತ್ತಾರೆ. ವಸ್ತು ಪೂರ್ತಿ ಹೋದರೆ ಆಮೇಲೆ ಬೆಲೆಯ ಜಗಳವಿಲ್ಲ. ಹಳೆಯದೆಂದು ಸವಕಳಿ ಕಳೆಯುವುದಿಲ್ಲ.

ಮುಳುಗಡೆ ಕಂಡವರಿಗೆ ಇದೆಷ್ಟು ದೊಡ್ಡ ಮಾತು ಎಂಬುದನ್ನು ಬೇರೆ ಊರಿನವರಿಗೆ ಬಿಡಿಸಿ ಹೇಳಬೇಕು. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು. ಅಣೆಕಟ್ಟೆ ಎದ್ದ ಮೇಲೆ ಕೃಷ್ಣೆಯ ಹಿನ್ನೀರು ಘಟಪ್ರಭೆಯ ಪಾತ್ರ ಹಿಡಿದು ಹಿಂದಕ್ಕೆ ಏರಿ ಹಳೇ ಬಾಗಲಕೋಟೆಯ ಓಣಿಗಳಿಗೆ ಬಂತು, ಜನ ನವನಗರಕ್ಕೆ ಬಂದರು. ಬರುವ ಮುಂಚೆ ಪ್ರತಿ ಮನೆಯನ್ನೂ ಟೇಪು ಹಿಡಿದು ಅಳೆದಿದ್ದರು. ಗೋಡೆಗೆ ಇಷ್ಟು, ತೊಲೆಗೆ ಇಷ್ಟು, ಹಳೇ ಮನೆಯಾದ್ದರಿಂದ ಸವಕಳಿ ಇಷ್ಟು. ಕೊಟ್ಟ ಪರಿಹಾರ ಸಾಲದೆಂದು 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ ಕೋರ್ಟಿಗೆ ಹೋದ ಕುಟುಂಬಗಳು ನಮ್ಮ ಕಡೆ ಓಣಿಗೊಂದಲ್ಲ, ಸಾಲಿಗೊಂದು ಸಿಗುತ್ತವೆ. ಬೆಲೆಯನ್ನು ಆಮೇಲೆ ಬೇರೆಯವರು ನಿರ್ಧರಿಸಿದರೆ ಏನಾಗುತ್ತದೆಂದು ಈ ಊರಿಗೆ ಯಾರೂ ಕಲಿಸಬೇಕಾಗಿಲ್ಲ.

ನಮ್ಮ ಸಂಗ್ರಹಾಲಯದಲ್ಲಿರುವುದು ಆ ಮನೆಗಳಿಂದ ಬಂದ ಸಾಮಾನೇ. ಕೆತ್ತನೆಯ ಜೋಡಿ ತಲೆಬಾಗಿಲು, ತೊಟ್ಟಿಲು, ಅರಳೆ ವ್ಯಾಪಾರಿಗಳ ಖಾತೆ ಪುಸ್ತಕಗಳು, ತಾಳೆಗರಿಯ ಕಟ್ಟುಗಳು, ಗುಳೇದಗುಡ್ಡದ ಖಣದ ಕುಬಸಗಳು, ಕಸೂತಿ ಹಾಕಿದ ಕುಂಚಿಗೆಗಳು, ತೋಪು ತೆನೆಯ ಸೆರಗಿನ ಇಳಕಲ್ ಸೀರೆಗಳು, ಮುಳುಗುವ ಮುಂಚಿನ ಓಣಿಗಳ ಫೋಟೋಗಳು. ಕೆಲವು ನಮಗೆ ಕೊಟ್ಟವು. ಬಹಳಷ್ಟು 'ನಿಮ್ಮಲ್ಲಿ ಇರಲಿ, ಮೊಮ್ಮಕ್ಕಳು ಬಂದು ನೋಡ್ತಾವ' ಎಂದು ಇಟ್ಟುಹೋದವು.

ಮೊದಲು ನಮ್ಮಲ್ಲಿದ್ದದ್ದು ಆಗ ಅಂಗಡಿ, ಗೋದಾಮುಗಳಿಗೆಲ್ಲ ಮಾಡಿಸುತ್ತಿದ್ದ ಸಾಮಾನ್ಯ ಬೆಂಕಿ ವಿಮೆ, 'ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್'. ಮಾಡಿಸಿಕೊಟ್ಟವರು 'ಎಲ್ಲಾ ಕವರ್ ಆಗತೈತ್ರಿ ಸರ' ಎಂದಿದ್ದರು. ಅದರ ಹೊರಗಿಟ್ಟ ವಸ್ತುಗಳ ಕಲಮನ್ನು ಈಗಲೂ ಸಿಟ್ಟು ಬಾರದೆ ಓದಲು ನನ್ನಿಂದ ಆಗುವುದಿಲ್ಲ. ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸದ ಹೊರತು ಹತ್ತು ಸಾವಿರ ರೂಪಾಯಿ ಮೀರಿದ ಕಲಾವಸ್ತು ಮತ್ತು ಅಪರೂಪದ ವಸ್ತುಗಳು ಇಲ್ಲ, ಹಸ್ತಪ್ರತಿ ಇಲ್ಲ, ನಾಣ್ಯ ಇಲ್ಲ, ಲೆಕ್ಕದ ಪುಸ್ತಕ ಇಲ್ಲ, ಬೇರೆಯವರು ನಂಬಿ ಇಟ್ಟ ಸಾಮಾನೂ ಇಲ್ಲ. ಅಂದರೆ ಆ ಪಾಲಿಸಿ ಕಾಯುತ್ತಿದ್ದದ್ದು ಗೋಡೆ, ಫ್ಯಾನು ಮತ್ತು ಗಾಜಿನ ಕಪಾಟನ್ನು. ಕಪಾಟಿನ ಒಳಗಿದ್ದದ್ದು ಬಹುತೇಕ ಹೊರಗೇ ಉಳಿದಿತ್ತು. ನಿಮ್ಮ ಊರಿನ ಮಠ, ಗ್ರಂಥಾಲಯ, ಸಂಘದ ಪಾಲಿಸಿಯನ್ನು ಇವತ್ತೇ ತೆಗೆದು ಈ ಕಲಮನ್ನು ಓದಿ ಎಂದು ಕೈಮುಗಿದು ಕೇಳುತ್ತೇನೆ.

ಅಲ್ಲಿಂದ ಫೈನ್ ಆರ್ಟ್ ಪಾಲಿಸಿಗೆ ಬಂದಾಗ ಕಂಪನಿಯವರು ಮೊದಲು ಕೇಳಿದ್ದು ಬೆಲೆ ಸಮೇತ ಪಟ್ಟಿ. ತಲೆಬಾಗಿಲು ಕೊಟ್ಟ ಅಜ್ಜಿಯ ಮನೆಗೆ ಹೋದೆ.

"ತಮ್ಮಾ, ಅವತ್ತ ಮನಿಗೆ ಬೆಲಿ ಕಟ್ಟಿ ಕಳಿಸಿದ್ರು. ಈಗ ನೀ ಬಾಗಲಕ್ಕ ಬೆಲಿ ಕಟ್ಟಾಕ ಬಂದೀಯೇನು?"

"ಇಲ್ರೀ ಅವ್ವಾರ, ಈ ಸಲ ನೀವ ಹೇಳ್ಬೇಕು. ನೀವು ಹೇಳಿದ್ದಕ್ಕ ಅವರು ಒಪ್ಪಿ ಸಹಿ ಮಾಡ್ತಾರ."

"ಆಮ್ಯಾಲ ಕಡಿಮಿ ಮಾಡಂಗಿಲ್ಲೇನು?"

"ಮಾಡಂಗಿಲ್ರಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರ ಬಡಗ್ಯಾರನ ಕೇಳು. ಇಂಥಾ ಬಾಗಲಾ ಕೆತ್ತಾಕ ಎಷ್ಟ ದಿನ ಹಿಡೀತೈತಿ ಅಂತ."

ಆ ಮಾತೇ ನಮ್ಮ ಲೆಕ್ಕದ ಅಳತೆಗೋಲಾಯಿತು. ಬಾಗಿಲಿಗೆ ಇವತ್ತಿನ ತೇಗದ ಬೆಲೆ, ಅಂಥ ಕೆತ್ತನೆ ಬಲ್ಲ ಬಡಿಗರ ದಿನಗೂಲಿ. ಖಣಕ್ಕೆ ಗುಳೇದಗುಡ್ಡದ ಕೈಮಗ್ಗದವರ ಲೆಕ್ಕ. ಇಳಕಲ್ ಸೀರೆಗೆ ರೇಷ್ಮೆ ಸೆರಗನ್ನು ಹತ್ತಿಯ ಒಡಲಿಗೆ ಕೊಂಡಿ ಹಾಕಿ ನೇಯುವ ಕೂಲಿ ಸೇರಿಸಿ. ಮತ್ತೆ ಮಾಡಲಾಗದ ಖಾತೆ ಪುಸ್ತಕ, ಫೋಟೋಗಳಿಗೆ ದುರಸ್ತಿ ಮತ್ತು ಪ್ರತಿ ತೆಗೆಸುವ ಖರ್ಚು. ಹೆಚ್ಚಿನ ಬೆಲೆಯ ಕೆಲವಕ್ಕೆ ಮೌಲ್ಯಮಾಪಕರ ಪ್ರಮಾಣಪತ್ರ ಕೇಳಿದರು, ಕೊಟ್ಟೆವು. ಬೆಂಕಿ ವಿಮೆಯ ಲೆಕ್ಕದಲ್ಲಿ ವಸ್ತು ಹಳೆಯದಾದಷ್ಟೂ ಬೆಲೆ ಇಳಿಯುತ್ತದೆ. ಇಲ್ಲಿ ಕುಟುಂಬದವರು ಒಪ್ಪಿದ ಅಂಕಿ ಪಾಲಿಸಿಗೆ ಲಗತ್ತಿಸಿದ ಪಟ್ಟಿಯಲ್ಲಿ, ಅಂದರೆ ಷೆಡ್ಯೂಲಿನಲ್ಲಿ, ಅಚ್ಚಾಗಿ ಬಂತು. ಆ ಹಾಳೆಯ ಜೆರಾಕ್ಸ್ ಒಯ್ದು ಕೊಟ್ಟಾಗ ಅಜ್ಜಿ ಅದನ್ನು ಮಡಚಿ ಪರಿಹಾರದ ಕಾಗದಗಳ ಪೆಟ್ಟಿಗೆಯಲ್ಲೇ ಇಟ್ಟರು.

ಪುರಾವಸ್ತು ಕಾಯ್ದೆಯ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1972ರ ಕಾಯ್ದೆಯ ಪ್ರಕಾರ ಪುರಾವಸ್ತು ಎಂದರೆ ನೂರು ವರ್ಷ ದಾಟಿದ್ದು, ಹಸ್ತಪ್ರತಿಯಾದರೆ 75 ವರ್ಷ. ಅದರಲ್ಲಿ ಸರ್ಕಾರ ಅಧಿಸೂಚಿಸಿದ ಬಗೆಗಳಿಗೆ ನೋಂದಣಿ ಬೇಕು. ಕಂಪನಿ ಕೇಳುವ ಮುಂಚೆಯೇ ಆ ಕಾಗದ ಸಿದ್ಧವಿರಲಿ.

ಈ ಪಾಲಿಸಿಯಿಂದ ನಾನು ನಿರೀಕ್ಷಿಸದೇ ಸಿಕ್ಕ ಸುಖ 'ಕಂಡೀಷನ್ ರಿಪೋರ್ಟ್'. ಪ್ರತಿ ವಸ್ತುವಿನ ಈಗಿನ ಸ್ಥಿತಿಯನ್ನು ಫೋಟೋ ಸಮೇತ ಬರೆದಿಡುವ ಹಾಳೆ ಅದು. ಕಂಪನಿಗೆ ನವೀಕರಣದ ಹೊತ್ತಿಗೆ ಕೊಟ್ಟರೆ ಸಾಕು, ನಾವು ಮಳೆಗಾಲದ ಮುಂಚೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ಮಾಡುತ್ತೇವೆ. ಬೆಳಿಗ್ಗೆ ಕಸ ಹೊಡೆದು, ಮೇಜಿನ ಮೇಲೆ ತೊಳೆದ ಮಾದರಪಾಟ ಹಾಸುತ್ತೇವೆ. ಕೈ ತೊಳೆದು ಒರೆಸಿಕೊಂಡ ಮೇಲೆಯೇ ಗಂಟು ಬಿಚ್ಚುವುದು. ಸೀರೆಯನ್ನು ಹಳೇ ಮಡಿಕೆಯಲ್ಲೇ ಮತ್ತೆ ಮಡಚಬಾರದು, ಅಲ್ಲಿ ರೇಷ್ಮೆ ಸೀಳುತ್ತದೆ. ಮಡಿಕೆಯ ಜಾಗ ಬದಲಿಸಿ ನಡುವೆ ಬಟ್ಟೆಯ ಸುರುಳಿ ಇಡುತ್ತೇವೆ. ಬಾಗಿಲಿಗೆ ಟಾರ್ಚನ್ನು ನೇರ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಹೊಸ ಬಿರುಕು, ಹೊಸ ತೂತು ನೆರಳಾಗಿ ಎದ್ದು ಕಾಣುತ್ತವೆ. ಹೊಸ್ತಿಲ ಬಳಿ ಮರದ ಹುಡಿ ಬಿದ್ದಿದ್ದರೆ ಒಳಗೆ ಹುಳು ಇದೆ ಎಂದೇ ಅರ್ಥ. ತಾಳೆಗರಿಗೆ ಮಜ್ಜಿಗೆ ಹುಲ್ಲಿನ ಎಣ್ಣೆಯ ತೆಳು ಲೇಪ. ಕಪಾಟಿನ ಮೂಲೆಗಳಲ್ಲಿ ಬಜೆ ಬೇರಿನ ಗಂಟು. ಕಾಲೇಜಿನ ಹುಡುಗಿಯರು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯುತ್ತಾರೆ, ನಾನು ಬರೆಯುತ್ತೇನೆ. ಒಂದು ಕುಂಚಿಗೆಯ ಒಳ ಅಂಚಿನಲ್ಲಿ ಹೊಲಿದವರು ಕಪ್ಪು ದಾರದಲ್ಲಿ ಹಾಕಿದ್ದ ಪುಟ್ಟ ಗೋಪುರದ ಗುರುತು ನಮ್ಮ ಕಣ್ಣಿಗೆ ಬಿದ್ದದ್ದು ಇಂಥದ್ದೇ ಒಂದು ಬೆಳಿಗ್ಗೆ. ಅಷ್ಟು ವರ್ಷ ಗಾಜಿನಾಚೆ ನಿಂತು ನೋಡಿದವರಾರಿಗೂ ಅದು ಕಂಡಿರಲಿಲ್ಲ.

ಇಲ್ಲಿಯವರೆಗಿನದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಬೇಸರ ಬಂದದ್ದು ಕ್ಲೇಮಿನಲ್ಲಿ.

ಒಂದು ರಾತ್ರಿ ಮಾಳಿಗೆಯ ಟ್ಯಾಂಕಿನ ಪೈಪು ಒಡೆದು ನೀರು ಗೋಡೆಗುಂಟ ಇಳಿಯಿತು. ತಲೆಬಾಗಿಲಿನ ಒಂದು ಕದ ಉಬ್ಬಿ ಸೀಳಿತು, ಒಂದು ಇಳಕಲ್ ಸೀರೆಯ ಸೆರಗಿನ ಕೆಂಪು ಒಡಲಿಗೆ ಹರಡಿತು, ಕೆಳಗಿನ ಕಪಾಟಿನ ಖಾತೆ ಪುಸ್ತಕಗಳು ನೆನೆದವು. ನಷ್ಟ ಅಳೆಯಲು ಹುಬ್ಬಳ್ಳಿಯಿಂದ ಬಂದ ಸರ್ವೇಯರ್ ಮೊದಲು ಎತ್ತಿದ ಪ್ರಶ್ನೆ, ಇದು ನಿಧಾನಕ್ಕೆ ಆದ ತೇವವಲ್ಲ ಎನ್ನುವುದಕ್ಕೆ ಏನು ಪುರಾವೆ? ನಿಧಾನಕ್ಕೆ ಆಗುವುದೆಲ್ಲ, ಅಂದರೆ ತೇವ, ಬೂಷ್ಟು, ಬಣ್ಣ ಮಾಸುವುದು, ಹುಳು, ಗೆದ್ದಲು, ವಿಮೆಯ ಹೊರಗೆ. ಮಳೆಗಾಲದ ಮುಂಚಿನ ತಾರೀಖಿದ್ದ ಕಂಡೀಷನ್ ರಿಪೋರ್ಟ್ ಮುಂದಿಟ್ಟಾಗ ಆ ಮಾತು ಅಲ್ಲಿಗೇ ನಿಂತಿತು. ನಮ್ಮ ಹುಡುಗಿಯರ ಫೋಟೋಗಳೇ ಅವತ್ತು ಟ್ರಸ್ಟನ್ನು ಉಳಿಸಿದವು.

ಸೀರೆಯನ್ನು ದುರಸ್ತಿಗೆ ಕಳಿಸುವ ಖರ್ಚು ಕೊಟ್ಟರು. ದುರಸ್ತಿಯಾದ ಮೇಲೂ ಕಳೆದುಹೋದ ಮೌಲ್ಯಕ್ಕೆ ಪಾಲಿಸಿಯಲ್ಲಿ ಜಾಗವಿದೆ, ಆದರೆ ಸರ್ವೇಯರ್ ವರದಿಯಲ್ಲಿ ಅದಕ್ಕೆ ಸೊನ್ನೆ ಬಂತು. ಪತ್ರದ ಮೇಲೆ ಪತ್ರ ಬರೆದ ಮೇಲೆ ಒಂದು ಭಾಗ ಸಿಕ್ಕಿತು. ಎರಡು ಕದ ಸೇರಿಯೇ ಒಂದು ಬಾಗಿಲು, ಆದರೆ ಜೋಡಿ ವಸ್ತುಗಳ ಕಲಮಿನ ಪ್ರಕಾರ ಕೆಟ್ಟ ಕದದ ಪಾಲು ಮಾತ್ರ ಲೆಕ್ಕಕ್ಕೆ ಬಂತು. ಉಳಿದ ಕದ ಒಂಟಿಯಾಗಿ ಏನು ಬೆಲೆ ಬಾಳುತ್ತದೆ ಎಂದು ಯಾರೂ ಕೇಳಲಿಲ್ಲ. ನನಗಿದು ಅನ್ಯಾಯ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಜೋಡಿಯಲ್ಲಿ ಒಂದು ಹೋದರೆ ಪೂರ್ತಿ ಬೆಲೆ ಕೊಟ್ಟು ಉಳಿದದ್ದನ್ನು ಕಂಪನಿಯೇ ಒಯ್ಯುವ ಕಲಮೂ ಉಂಟು. ಬಾಗಿಲು, ಕಿವಿಯೋಲೆ, ಸರಣಿಯ ಚಿತ್ರಗಳು ಇರುವವರು ಸಹಿಗೆ ಮುಂಚೆ ಅದನ್ನೇ ಕೇಳಿ ಬರೆಸಿಕೊಳ್ಳಿ. ನೆನೆದ ಪುಸ್ತಕ ಬಿಚ್ಚಿದಾಗ ಒಳಗೆ ಬೆಳ್ಳಿಹುಳ ತಿಂದ ಹಾಳೆಗಳೂ ಸಿಕ್ಕವು. ಅವಕ್ಕೆ ಬಿಡಿಗಾಸೂ ಇಲ್ಲ, ಅದು ನಿಯಮದ ಪ್ರಕಾರವೇ.

ಹಣ ತಡವಾಗಿ ಬಂತು. ಆದರೆ ಬಂದ ಹಣದಲ್ಲಿ ಸವಕಳಿ ಎಂಬ ಸಾಲು ಇರಲಿಲ್ಲ. ಕದದ ಪಾಲನ್ನು ಷೆಡ್ಯೂಲಿನಲ್ಲಿ ಒಪ್ಪಿದ ಅಂಕಿಯ ಮೇಲೆಯೇ ಲೆಕ್ಕ ಹಾಕಿದ್ದರು. ಅಷ್ಟರಮಟ್ಟಿಗೆ ಅಜ್ಜಿಗೆ ಕೊಟ್ಟ ಮಾತು ಉಳಿಯಿತು.

ಕಳವಿನ ಬಗ್ಗೆ ಒಂದು ಎಚ್ಚರಿಕೆ. ಸಾಮಾನ್ಯ ಬರ್ಗ್ಲರಿ (ಕನ್ನಗಳವು) ಪಾಲಿಸಿಯಲ್ಲಿ ಬಲ ಬಳಸಿ ಒಳನುಗ್ಗಿರಬೇಕು ಎಂಬ ಶರತ್ತು ಇರುತ್ತದೆ, 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಹಗಲಲ್ಲಿ ನೋಡಲು ಬಂದವರು ನಾಣ್ಯ ಜೇಬಿಗೆ ಹಾಕಿಕೊಂಡರೆ ಅದು ಬರ್ಗ್ಲರಿ ಆಗುವುದಿಲ್ಲ. ಫೈನ್ ಆರ್ಟ್ ಪಾಲಿಸಿಯಲ್ಲಿ ಕಳವು ಸೇರಿದೆ, ಆದರೆ ಎಣಿಸುವಾಗ ಸುಮ್ಮನೆ ಕಡಿಮೆ ಬಂದದ್ದು ಸೇರಿಲ್ಲ. ಹಾಗಾಗಿ ಸಂಜೆ ಬೀಗ ಹಾಕುವ ಮುಂಚೆ ನಾಣ್ಯದ ತಟ್ಟೆ ಎಣಿಸಿ ಪುಸ್ತಕದಲ್ಲಿ ಸಹಿ ಹಾಕುವುದು ನಮ್ಮಲ್ಲಿ ದಿನದ ಕೆಲಸ.

ವಸ್ತು ಹೊರಗೆ ಹೋಗುವಾಗಿನ ರಕ್ಷಣೆ ನನಗೆ ಬಹಳ ಮೆಚ್ಚುಗೆಯಾಯಿತು. ಧಾರವಾಡದ ಪ್ರದರ್ಶನಕ್ಕೆ ಖಣ ಕಳಿಸಿದಾಗ ಇಲ್ಲಿನ ಮೊಳೆಯಿಂದ ಇಳಿಸಿದ ಗಳಿಗೆಯಿಂದ ಮರಳಿ ಅದೇ ಮೊಳೆಗೆ ಏರುವವರೆಗೆ ಕವರ್ ಇತ್ತು. 'ನೇಲ್ ಟು ನೇಲ್' ಎನ್ನುವುದು ಇದನ್ನೇ.

ಖರ್ಚಿನ ಮಾತು. ಕಂತು ಮತ್ತು ಅದರ ಮೇಲಿನ ಶೇ. 18 ಜಿಎಸ್‌ಟಿ ಸೇರಿದರೆ ನಮ್ಮ ವರ್ಷದ ಕರೆಂಟ್ ಬಿಲ್ಲನ್ನು ದಾಟುತ್ತದೆ. ಟಿಕೆಟ್ಟಿಲ್ಲದ ಸಂಗ್ರಹಾಲಯಕ್ಕೆ ಇದು ಭಾರವೇ. ನಮ್ಮ ಟ್ರಸ್ಟಿಗಳಲ್ಲೊಬ್ಬರು ಪ್ರತಿ ಸಲ ಮೋನಾ ಲೀಸಾ ಚಿತ್ರದ ಕಥೆ ಎತ್ತುತ್ತಾರೆ. 1962ರಲ್ಲಿ ಅಮೆರಿಕಕ್ಕೆ ಒಯ್ಯುವ ಮುಂಚೆ ಅದಕ್ಕೆ ಹತ್ತು ಕೋಟಿ ಡಾಲರ್ ಬೆಲೆ ಕಟ್ಟಿದ್ದರು, ಆದರೆ ಕಂತಿಗಿಂತ ಕಾವಲೇ ಅಗ್ಗವೆಂದು ವಿಮೆ ಮಾಡಿಸಲೇ ಇಲ್ಲ. ನಾವೂ ಆ ದುಡ್ಡಲ್ಲಿ ಕ್ಯಾಮೆರಾ ಹಾಕಿಸೋಣ ಎಂಬುದು ಅವರ ವಾದ. ಪೈಪು ಒಡೆಯುವುದನ್ನು ಕ್ಯಾಮೆರಾ ನಿಲ್ಲಿಸುವುದಿಲ್ಲ ಎಂಬುದು ನನ್ನ ಉತ್ತರ. ಜೊತೆಗೆ, ನಂಬಿ ಇಟ್ಟುಹೋದವರ ಸಾಮಾನಿಗೆ ನಾವು ಹೊಣೆ. ಮನೆಯಲ್ಲೇ ಒಂದೆರಡು ಹಳೆಯ ಚಿತ್ರ, ಬೆಳ್ಳಿ ಸಾಮಾನು ಇಟ್ಟುಕೊಂಡವರಿಗೆ ಇಷ್ಟೆಲ್ಲ ಬೇಡ. 2021ರ ಏಪ್ರಿಲ್‌ನಿಂದ ಬಂದಿರುವ 'ಭಾರತ್ ಗೃಹ ರಕ್ಷಾ'ದಲ್ಲಿ ಐಚ್ಛಿಕವಾಗಿ ಐದು ಲಕ್ಷದವರೆಗೆ, ಒಂದೊಂದು ವಸ್ತು ಒಂದು ಲಕ್ಷ ಮೀರದಿದ್ದರೆ, ಮೌಲ್ಯಮಾಪನ ಪತ್ರವಿಲ್ಲದೆಯೇ ಒಪ್ಪಿದ ಬೆಲೆಗೆ ವಿಮೆ ಸಿಗುತ್ತದೆ.

ಪ್ರವಾಹ ನಮ್ಮ ಪಾಲಿಸಿಯಲ್ಲಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ಗುಡಿಗಳೊಳಗೆ ನಿಂತದ್ದನ್ನು ನೋಡಿದ ಜಿಲ್ಲೆಯಲ್ಲಿ ಅದಿಲ್ಲದೆ ಸಹಿ ಹಾಕಬಾರದು. ಸರ್ಕಾರದ ಆದೇಶದಿಂದ ವಸ್ತು ಕೈಬಿಟ್ಟುಹೋದರೆ ಮಾತ್ರ ಈ ಪಾಲಿಸಿ ಕೊಡುವುದಿಲ್ಲ.

ಈ ಸಲದ ನವೀಕರಣಕ್ಕೆ ಎರಡು ಬೇಡಿಕೆ ಇಟ್ಟಿದ್ದೇನೆ. ಮೊದಲನೆಯದು ಜೋಡಿ ವಸ್ತುಗಳ ಕಲಮಿನ ಬದಲಾವಣೆ. ಎರಡನೆಯದು, ವರ್ಷದ ನಡುವೆ ಬರುವ ಹೊಸ ವಸ್ತುಗಳಿಗೆ ಬಂದ ದಿನದಿಂದಲೇ ರಕ್ಷಣೆ. ಈಗ ಪ್ರತಿ ಸಲವೂ ಹೊಸ ವಸ್ತುವನ್ನು ಪಾಲಿಸಿಗೆ ಸೇರಿಸುವ ಎಂಡಾರ್ಸ್‌ಮೆಂಟ್ ಪತ್ರಕ್ಕೆ ಕಾಯಬೇಕು, ಅಷ್ಟು ದಿನ ವಸ್ತು ವಿಮೆಯಿಲ್ಲದೆ ಇರುತ್ತದೆ. ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆಯಿಂದ ಇನ್ನಷ್ಟು ಊರುಗಳು ಎದ್ದು ಹೋಗಬೇಕಾಗಿದೆ. ಅಲ್ಲಿಂದ ಈಗಾಗಲೇ ಫೋನು ಬರುತ್ತಿವೆ, ತೊಟ್ಟಿಲು ಇದೆ, ಬಾಗಿಲು ಇದೆ, ಇಟ್ಟುಕೊಳ್ತೀರಾ ಎಂದು. ಮೊದಲನೆಯದಕ್ಕೆ ಕಂಪನಿ ಹೆಚ್ಚಿನ ಕಂತು ಕೇಳಿದೆ, ಕೊಡುತ್ತೇವೆ. ಎರಡನೆಯದಕ್ಕೆ ಉತ್ತರ ಬರುವವರೆಗೆ ಹೊಸ ಸಾಮಾನನ್ನು ಅವರವರ ಮನೆಯಲ್ಲೇ ಇಟ್ಟುಕೊಳ್ಳಲು ಕೇಳಿದ್ದೇನೆ. ಬೆಲೆಯನ್ನು ಮಾತ್ರ ಈಗಲೇ ಅವರೊಡನೆ ಕೂತು ಬರೆದುಕೊಳ್ಳುತ್ತಿದ್ದೇನೆ.