ನಾಲ್ಕು ಭಾನುವಾರಗಳ ಗ್ರೀಕ್ ರುದ್ರನಾಟಕ ತರಗತಿ: ಒಂದು ವಿಮರ್ಶೆ

ಮುಂಬಯಿಯ ಪೂರ್ವ ಉಪನಗರವೊಂದರ ಕನ್ನಡ ಬಳಗದವರು ಗ್ರೀಕ್ ರುದ್ರನಾಟಕದ ಕಥಾಸಂವಿಧಾನವನ್ನು ಕುರಿತು ನಡೆಸಿದ ತರಗತಿಗೆ ನಾನು ನಾಲ್ಕು ಭಾನುವಾರ ಹೋಗಿಬಂದೆ. ಶುಲ್ಕ 1,200 ರೂಪಾಯಿ. ವಾರಕ್ಕೆ ಎರಡೂವರೆ ಗಂಟೆಯ ಪಾಠ, ನಡುವೆ ಚಹಾ ಮತ್ತು ಬಟಾಟೆವಡೆ. ದುರಸ್ತಿಗಾಗಿ ಲೋಕಲ್ ರೈಲುಗಳನ್ನು ತಡೆಹಿಡಿಯುವ ಮೆಗಾಬ್ಲಾಕ್ ಇರುವ ಭಾನುವಾರಗಳಲ್ಲಿ ಠಾಣೆಯಿಂದ ಹೊರಟು ಹೊತ್ತಿಗೆ ಸರಿಯಾಗಿ ತಲುಪುವುದೇ ಒಂದು ಸಾಹಸವಾಗಿದ್ದರೂ ಒಂದು ವಾರವನ್ನೂ ತಪ್ಪಿಸಲಿಲ್ಲ.

ಮೊದಲ ವಾರ ಸಪ್ಪೆಯಾಗಿತ್ತು. ಮೇಳ (ಒಟ್ಟಾಗಿ ಹಾಡುವ ಕೋರಸ್) ಬರುವ ಮುಂಚಿನ ಪ್ರೊಲೊಗೊಸ್, ಮೇಳದ ಪ್ರವೇಶಗೀತೆಯಾದ ಪರೊಡೊಸ್, ಸಂಭಾಷಣೆಯ ಎಪಿಸೋಡುಗಳು, ಅವುಗಳ ನಡುವಿನ ಸ್ಟಾಸಿಮೊನ್ ಹಾಡುಗಳು, ಕೊನೆಯ ಎಕ್ಸೊಡೊಸ್ ಎಂದು ಹಲಗೆಯ ಮೇಲೆ ಪಟ್ಟಿ ಬರೆದು ವಿವರಿಸಿದರು. ಇಷ್ಟನ್ನು ಮನೆಯಲ್ಲೇ ಓದಿಕೊಳ್ಳಬಹುದಿತ್ತು.

ಎರಡನೆಯ ವಾರಕ್ಕೆ ತರಗತಿಗೆ ಜೀವ ಬಂತು. ಸೊಫೊಕ್ಲಿಸ್‌ನ ಈಡಿಪಸ್ ನಾಟಕದಲ್ಲಿ ಕೊರಿಂಥದ ದೂತ ಬರುವ ದೃಶ್ಯವನ್ನು ಮೂವರಿಂದ ಓದಿಸಿದರು. ಈಡಿಪಸ್ ತಂದೆಯೆಂದು ನಂಬಿದ್ದ ದೊರೆ ಪಾಲಿಬಸ್ ಸತ್ತನೆಂದೂ ಈಡಿಪಸ್ ಇನ್ನು ಕೊರಿಂಥಕ್ಕೆ ಅರಸನೆಂದೂ ಹೇಳಲು ಬಂದ ಆ ದೂತ, ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುವೆ ಎಂಬ ದೈವವಾಣಿಯಿಂದಾಗಿ ತಾಯಿಯ ಕುರಿತು ಈಡಿಪಸ್‌ಗೆ ಇನ್ನೂ ಉಳಿದಿದ್ದ ಭಯವನ್ನು ನೀಗಿಸುವ ಉತ್ಸಾಹದಲ್ಲಿ, ಅವರು ನಿನ್ನ ಹೆತ್ತವರೇ ಅಲ್ಲ, ಕಿಥೈರಾನ್ ಬೆಟ್ಟದಲ್ಲಿ ಕಾಲು ಚುಚ್ಚಿ ಕಟ್ಟಿದ್ದ ಕೂಸನ್ನು ನಾನೇ ಕೊಂಡೊಯ್ದು ಕೊಟ್ಟೆ ಎಂದುಬಿಡುತ್ತಾನೆ. ಈ ಮಾತು ನಡೆಯುವಷ್ಟು ಹೊತ್ತೂ ಈಡಿಪಸ್‌ನ ಹೆಂಡತಿ, ನಿಜದಲ್ಲಿ ಅವನ ಹೆತ್ತ ತಾಯಿಯೇ ಆದ ಯೊಕಾಸ್ಟಳಿಗೆ ಒಂದು ಸಾಲೂ ಇಲ್ಲ. ಆ ಪಾತ್ರವನ್ನು ಓದುತ್ತಿದ್ದ ಹೆಂಗಸು ತಮ್ಮ ಸರದಿಗಾಗಿ ಪುಟ ತಿರುವುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿ ತಲೆಯೆತ್ತಿದರು. ಈಡಿಪಸ್‌ಗಿಂತ ಮೊದಲೇ ಆಕೆಗೆ ಎಲ್ಲವೂ ತಿಳಿದಿದೆ ಎಂಬುದು ನಮಗೂ ಆಗ ಹೊಳೆಯಿತು. ಹೋಟೆಲ್ ಉದ್ಯಮದಿಂದ ನಿವೃತ್ತರಾದ, ತಾಳಮದ್ದಳೆಯ ಹವ್ಯಾಸವಿರುವ ಹಿರಿಯರೊಬ್ಬರು, "ಅಲ್ಲ ಮಾರಾಯ್ರೇ, ಅವ ಸಂತೋಷದ ಸುದ್ದಿ ತಂದವನಲ್ವಾ?" ಎಂದರು. ಅರಿಸ್ಟಾಟಲ್ ವಿಪರ್ಯಯ (ಕ್ರಿಯೆ ಎಣಿಸಿದ್ದಕ್ಕೆ ತದ್ವಿರುದ್ಧವಾಗಿ ತಿರುಗುವುದು) ಎನ್ನುವುದು ಇದನ್ನೇ, ಅವನು ಕೊಡುವ ಉದಾಹರಣೆಯೂ ಇದೇ ದೂತನದು ಎಂದು ಉಪನ್ಯಾಸಕರು ಆಗ ತಿಳಿಸಿದರು. ಪದಕ್ಕಿಂತ ಮೊದಲು ಅನುಭವವನ್ನು ಕೊಡುವ ಈ ಕ್ರಮ ನನಗೆ ಬಹಳ ಹಿಡಿಸಿತು.

ಅಜ್ಞಾನ ಕಳೆದು ಅರಿವು ಬರುವುದಕ್ಕೆ ಅವರು ಬಳಸಿದ ಪದ ಅಭಿಜ್ಞಾನ. ಶಾಕುಂತಲದ ಉಂಗುರ ಎಲ್ಲರಿಗೂ ನೆನಪಾದದ್ದು ಸಹಜವೇ. ಆದರೆ ಗುರುತಿನ ವಸ್ತುಗಳಿಂದಾಗುವ ಅಭಿಜ್ಞಾನವನ್ನು ಅರಿಸ್ಟಾಟಲ್ ಕೆಳಗಿನ ದರ್ಜೆಯದೆಂದು ಎಣಿಸುತ್ತಾನೆ, ಘಟನೆಗಳಿಂದಲೇ ಹುಟ್ಟುವುದು ಅವನಿಗೆ ಶ್ರೇಷ್ಠ. ಅದೇ ಹಿರಿಯರು ಚಹಾದ ಹೊತ್ತಿನಲ್ಲಿ ಕರ್ಣನನ್ನು ಎಳೆದು ತಂದರು: ಕೃಷ್ಣ ಜನ್ಮರಹಸ್ಯ ಹೇಳಿದ ಮೇಲೂ ಕರ್ಣ ಪಕ್ಷ ಬಿಡುವುದಿಲ್ಲ, ಅಲ್ಲಿ ಅಭಿಜ್ಞಾನವಿದೆ, ವಿಪರ್ಯಯವೆಲ್ಲಿ? ಎರಡರಲ್ಲಿ ಒಂದಿದ್ದರೂ ಅರಿಸ್ಟಾಟಲ್‌ನ ಲೆಕ್ಕದಲ್ಲಿ ಅದು ಸಂಕೀರ್ಣ ಸಂವಿಧಾನವೇ ಎಂಬ ಉತ್ತರ ಸರಿಯಾಗಿತ್ತಾದರೂ, ಇಂಥ ಪ್ರಶ್ನೆಗೆ ಇನ್ನರ್ಧ ಗಂಟೆ ಕೊಡಬಹುದಿತ್ತು.

ಹಮಾರ್ಟಿಯ ಎಂದರೆ ನಾಯಕನ ಸ್ವಭಾವದಲ್ಲಿರುವ ದೋಷವೆಂಬ ಪಠ್ಯಪುಸ್ತಕದ ಮಾತನ್ನು ಬಿಟ್ಟು, ಅರಿಯದೆ ಆಗುವ ಪ್ರಮಾದವೆಂದು ವಿವರಿಸಿದ್ದು ಮೆಚ್ಚುವಂಥದು.

ನನ್ನ ದೂರು ಹಂಚಿದ ಟಿಪ್ಪಣಿಯ ಮೇಲೆ. ಅಕ್ಷರ ಸಣ್ಣದು, ಝೆರಾಕ್ಸ್ ಮಸುಕು ಎಂಬುದನ್ನು ಸಹಿಸಬಹುದು. ಆದರೆ ಕಾಲ, ಸ್ಥಳ, ಕ್ರಿಯೆಗಳ ಮೂರೂ ಐಕ್ಯಗಳು (ನಾಟಕ ಒಂದೇ ದಿನದಲ್ಲಿ, ಒಂದೇ ಜಾಗದಲ್ಲಿ, ಒಂದೇ ಕ್ರಿಯೆಯ ಸುತ್ತ ನಡೆಯಬೇಕೆಂಬುದು) ಅರಿಸ್ಟಾಟಲ್‌ನ ಕಟ್ಟಳೆಗಳೆಂದು ಅದರಲ್ಲಿ ಅಚ್ಚಾಗಿದೆ. ಅವನು ಪಟ್ಟುಹಿಡಿಯುವುದು ಕ್ರಿಯೆಯ ಐಕ್ಯವನ್ನು ಮಾತ್ರ. ರುದ್ರನಾಟಕ ಸೂರ್ಯನ ಒಂದು ಸುತ್ತಿನೊಳಗೆ ಮುಗಿಯಲು ಪ್ರಯತ್ನಿಸುತ್ತದೆ ಎಂಬುದು ಅವನು ಕಂಡದ್ದನ್ನು ಹೇಳಿದ ಮಾತು, ಸ್ಥಳದ ಐಕ್ಯವನ್ನಂತೂ ಅವನು ಹೇಳಿಯೇ ಇಲ್ಲ. ಮೂರನ್ನೂ ಸೇರಿಸಿ ನಿಯಮ ಮಾಡಿದವರು ಹದಿನಾರನೆಯ ಶತಮಾನದ ಇಟಲಿಯ ವಿಮರ್ಶಕರು, ಮುಖ್ಯವಾಗಿ 1570ರಲ್ಲಿ ಕಾಸ್ಟೆಲ್‌ವೆತ್ರೊ. ಎಸ್ಕಿಲಸ್‌ನ ಯುಮೆನಿಡಿಸ್ ನಾಟಕದ ರಂಗಸ್ಥಳವೇ ಡೆಲ್ಫಿಯಿಂದ ಅಥೆನ್ಸಿಗೆ ಸರಿಯುತ್ತದೆ. ಇದನ್ನು ಎತ್ತಿದಾಗ ಉಪನ್ಯಾಸಕರು ಸೌಜನ್ಯದಿಂದ ಒಪ್ಪಿಕೊಂಡರು. ಟಿಪ್ಪಣಿಯನ್ನು ಮಾತ್ರ ನಾಲ್ಕನೆಯ ವಾರದವರೆಗೂ ತಿದ್ದಲಿಲ್ಲ.

ಮೇಳದ ಹಾಡುಗಳಿಗೆ ಸಮಯ ಸಾಲಲಿಲ್ಲವೆಂಬುದು ಇನ್ನೊಂದು ಕೊರತೆ. ಭಾಗವತರ ಹಿಮ್ಮೇಳವನ್ನು ಕೇಳಿ ಬೆಳೆದವರು ಅರ್ಧ ತರಗತಿಯಷ್ಟಿದ್ದಾಗ ಅದನ್ನು ಬದಿಗಿಟ್ಟದ್ದು ನಷ್ಟವೇ.

ಹಣಕ್ಕೆ ಮೋಸವಿಲ್ಲ. ಮುಂದಿನ ತಂಡಕ್ಕೆ ಸೇರುವವರು ಈಡಿಪಸ್ ನಾಟಕವನ್ನು ಕನ್ನಡದಲ್ಲಿ ಒಮ್ಮೆ ಓದಿಕೊಂಡು ಹೋಗುವುದು ಒಳ್ಳೆಯದು. ಮೊದಲ ವಾರವನ್ನು ತಪ್ಪಿಸಿದರೂ ಅಡ್ಡಿಯಿಲ್ಲ, ಎರಡನೆಯ ವಾರ ಮಾತ್ರ ಹೇಗಾದರೂ ತಲುಪಬೇಕು.