ಗಿಂಪ್ ಬಿಲ್ಡ್ ಮಾಡೋಕೆ ಮೂರು ದಾರಿ: ಡೆಬಿಯನ್, ಜೆಂಟೂ, ಫ್ರೀಬಿಎಸ್‌ಡಿ

ಚಿತ್ರ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನ 3.0 ಆವೃತ್ತಿ ಹೊರಬಂದದ್ದು 2025ರ ಮಾರ್ಚ್‌ನಲ್ಲಿ. ಆಗ ಡೆಬಿಯನ್ ಎಂಬ ಲಿನಕ್ಸ್‌ನ ಸ್ಟೇಬಲ್ ಆವೃತ್ತಿ ಬುಕ್‌ವರ್ಮ್, ಅದರ ರೆಪೊಸಿಟರಿಯಲ್ಲಿ (ಪ್ಯಾಕೇಜ್ ಭಂಡಾರದಲ್ಲಿ) ಇದ್ದದ್ದು ಗಿಂಪ್ 2.10. ಹೊಸದು ಬೇಕು ಅಂದರೆ ಫ್ಲಾಟ್‌ಪ್ಯಾಕ್ (ಬೇರೆ ಬೇರೆ ಲಿನಕ್ಸ್‌ಗಳಲ್ಲಿ ಓಡುವ ಸಿದ್ಧ ಪ್ಯಾಕೇಜ್) ಹಾಕಿಕೊಳ್ಳಬಹುದಿತ್ತು. ಆದರೆ ನನಗೆ ಸುಮ್ನೆ ಓಡಿಸೋದಷ್ಟೇ ಸಾಲುತ್ತಿರಲಿಲ್ಲ. ಗಿಂಪ್‌ನ ಕನ್ನಡ ಮೆನುಗಳಲ್ಲಿ ಕೆಲವು ಪದ ತಿದ್ದಬೇಕಿತ್ತು, ತಿದ್ದಿದ್ದು ಪರದೆ ಮೇಲೆ ಹೇಗೆ ಕಾಣುತ್ತೆ ಅಂತ ನೋಡಬೇಕಿತ್ತು. ಅದಕ್ಕೇ ಮೂರು ಕಡೆ ಸೋರ್ಸ್‌ನಿಂದ ಬಿಲ್ಡ್ ಮಾಡಿದೆ, ಅಂದರೆ ಮೂಲ ಕೋಡ್‌ನಿಂದ ಪ್ರೋಗ್ರಾಂ ತಯಾರಿಸಿಕೊಂಡೆ: ಡೆಬಿಯನ್‌ನಲ್ಲಿ ಕೈಯಾರೆ, ಜೆಂಟೂ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಅದರ ಪ್ಯಾಕೇಜ್ ವ್ಯವಸ್ಥೆ ಪೋರ್ಟೇಜ್ ಮೂಲಕ, ಯುನಿಕ್ಸ್ ಮಾದರಿಯ ಫ್ರೀಬಿಎಸ್‌ಡಿಯಲ್ಲಿ ಅದರ ಪೋರ್ಟ್ಸ್ ಸಂಗ್ರಹದ ಮೂಲಕ.

ಸೋರ್ಸ್‌ನಿಂದ ಬಿಲ್ಡ್ ಮಾಡಿದರೆ ಪ್ರೋಗ್ರಾಂ ಜಾಸ್ತಿ ವೇಗವಾಗಿ ಓಡುತ್ತೆ ಅನ್ನೋ ಮಾತಿದೆ. ಗಿಂಪ್ ಬಳಸುವಾಗ ಅಂಥ ವ್ಯತ್ಯಾಸ ನನಗೆ ಎಲ್ಲೂ ಕಾಣಲಿಲ್ಲ. ಲಾಭ ಇರೋದು ತಿದ್ದುವುದರಲ್ಲಿ. ಹಾಗಾಗಿ ನನ್ನ ಅಳತೆಗೋಲು ಇಷ್ಟೇ: ಒಂದು ಸಾಲು ಬದಲಿಸಿದರೆ ಅದು ಎಷ್ಟು ಬೇಗ ಕಣ್ಣಿಗೆ ಬೀಳುತ್ತೆ?

ಡೆಬಿಯನ್‌ನಲ್ಲಿ ಕೈಯಾರೆ ಮಾಡೋದು ಮೊದಲಿಗೆ ಸತಾಯಿಸುತ್ತದೆ. ಬೇಕಾದ ಲೈಬ್ರರಿಗಳನ್ನೆಲ್ಲ ಒಟ್ಟಿಗೆ ತರಲು ಡೆಬಿಯನ್‌ನ ಪ್ಯಾಕೇಜ್ ಸಾಧನ ಆಪ್ಟ್‌ನಲ್ಲಿ 'ಬಿಲ್ಡ್-ಡೆಪ್' ಅಂತ ಒಂದು ಆದೇಶ ಇದೆ. ಆದರೆ ಬುಕ್‌ವರ್ಮ್‌ನಲ್ಲಿ ಅದು 2.10ಕ್ಕೆ ಬೇಕಾದದ್ದನ್ನು ತರುತ್ತದೆ. 2.10 ನಿಂತಿದ್ದು ಜಿಟಿಕೆ 2ರ ಮೇಲೆ (ಜಿಟಿಕೆ ಅಂದರೆ ಕಿಟಕಿ, ಮೆನು, ಬಟನ್ ಬಿಡಿಸುವ ಲೈಬ್ರರಿ), 3.0 ನಿಂತಿರೋದು ಜಿಟಿಕೆ 3ರ ಮೇಲೆ. ಅರ್ಧ ಸಾಮಾನು ಸಿಗುತ್ತದೆ, ಉಳಿದದ್ದನ್ನು ನಾವೇ ಹುಡುಕಬೇಕು. ಬೇಕಾದದ್ದೆಲ್ಲ ಇದೆಯೇ ಅಂತ ನೋಡಿ ಬಿಲ್ಡ್ ಸಜ್ಜುಮಾಡುವ ಮೆಸನ್, 'ಜಿಎಕ್ಸಿವ್2 ಇಲ್ಲ' (ಇದು ಫೋಟೋ ಜೊತೆಗಿನ ಮಾಹಿತಿ ಓದುವ ಲೈಬ್ರರಿ) ಅಂತ ಹೇಳಿ ನಿಂತುಬಿಡುತ್ತದೆ. ಡೆಬಿಯನ್‌ನಲ್ಲಿ ಆ ಪ್ಯಾಕೇಜಿನ ಹೆಸರು 'ಲಿಬ್'ನಿಂದ ಶುರುವಾಗಿ 'ಡೆವ್'ನಲ್ಲಿ ಮುಗಿಯುತ್ತದೆ. ಒಂದನ್ನು ಹಾಕಿದರೆ ಮುಂದಿನದು ಕೇಳುತ್ತದೆ. ಯಾವ ಪ್ಯಾಕೇಜಿನಲ್ಲಿ ಯಾವ ಫೈಲ್ ಇದೆ ಅಂತ ಹೇಳುವ ಆಪ್ಟ್-ಫೈಲ್ ಇಲ್ಲಿ ತುಂಬಾ ನೆರವಾಯಿತು.

ಗಿಂಪ್‌ಗೆ ಬೇಕಾದ ಎರಡು ಲೈಬ್ರರಿಗಳು, ಬಣ್ಣದ ಮಾದರಿ ಬದಲಿಸುವ ಬ್ಯಾಬಲ್, ಚಿತ್ರ ಸಂಸ್ಕರಿಸುವ ಜಿಇಜಿಎಲ್, ಎರಡೂ ಬುಕ್‌ವರ್ಮ್‌ನಲ್ಲಿ ಹಳೆಯವು. ಮೊದಲು ಬ್ಯಾಬಲ್, ಆಮೇಲೆ ಜಿಇಜಿಎಲ್, ಕೊನೆಗೆ ಗಿಂಪ್, ಇದೇ ಕ್ರಮದಲ್ಲಿ ಬಿಲ್ಡ್ ಮಾಡಬೇಕು. ಮೂರನ್ನೂ ಹೋಮ್ ಫೋಲ್ಡರಿನೊಳಗೆ ಒಂದು ಬೇರೆ ಜಾಗಕ್ಕೆ ಇನ್‌ಸ್ಟಾಲ್ ಮಾಡೋದು ಒಳ್ಳೆಯದು. ಇಲ್ಲಿ ಒಂದು ಸೂಕ್ಷ್ಮ ಇದೆ. ಡೆಬಿಯನ್‌ನಲ್ಲಿ ಮೆಸನ್ ಲೈಬ್ರರಿಗಳನ್ನು ನೇರವಾಗಿ 'ಲಿಬ್' ಫೋಲ್ಡರಿಗೆ ಹಾಕುವುದಿಲ್ಲ, ಅದರೊಳಗೆ ಪ್ರೊಸೆಸರ್ ಹೆಸರಿನ ಇನ್ನೊಂದು ಫೋಲ್ಡರಿಗೆ ಹಾಕುತ್ತದೆ. ಲೈಬ್ರರಿಗಳು ಎಲ್ಲಿವೆ ಅಂತ ಹೇಳುವ ಪಿಕೆಜಿ-ಕಾನ್ಫಿಗ್‌ಗೆ ಆ ಒಳಗಿನ ಜಾಗವನ್ನೇ ತೋರಿಸಬೇಕು. ಇಲ್ಲದಿದ್ದರೆ ಈಗತಾನೆ ಬಿಲ್ಡ್ ಆದ ಜಿಇಜಿಎಲ್ ಅದಕ್ಕೆ ಕಾಣುವುದೇ ಇಲ್ಲ. ಹಳೆಯದು ಸಿಕ್ಕಿತು, ಸಾಲದು ಅನ್ನುತ್ತದೆ.

ಇನ್ನೊಂದು ಮಾತು. ಮೆಸನ್ ಕೊನೆಯಲ್ಲಿ ಒಂದು ಉದ್ದದ ಪಟ್ಟಿ ತೋರಿಸುತ್ತದಲ್ಲ, ಅದನ್ನು ಓದಲೇಬೇಕು. ಕಡ್ಡಾಯವಾದದ್ದು ಇಲ್ಲದಿದ್ದರೆ ಬಿಲ್ಡ್ ನಿಲ್ಲುತ್ತದೆ. ಐಚ್ಛಿಕವಾದದ್ದು ಇಲ್ಲದಿದ್ದರೆ ಗಿಂಪ್ ಆರಾಮಾಗಿ ಬಿಲ್ಡ್ ಆಗುತ್ತದೆ, ಆದರೆ ಫೋನಿನ ಹೈಫ್ ಫೋಟೋ ತೆರೆಯುವುದಿಲ್ಲ. ಆಗ ಕಾರಣ ಹುಡುಕೋದು ಕಷ್ಟ.

ಇಷ್ಟೆಲ್ಲ ಮುಗಿದ ಮೇಲೆ ಸಿಗುವ ಸುಖ ಮಾತ್ರ ಬೇರೆ ಎರಡು ಕಡೆ ಇಲ್ಲ. ಕನ್ನಡದ ಪಿಒ ಫೈಲಿನಲ್ಲಿ (ಅನುವಾದ ಇರುವ ಫೈಲ್) ಒಂದು ಪದ ತಿದ್ದಿ, 'ನಿಂಜಾ ಇನ್‌ಸ್ಟಾಲ್' ಆದೇಶ ಓಡಿಸಿದರೆ ಆಯಿತು. ಬದಲಾದದ್ದು ಮಾತ್ರ ಮತ್ತೆ ತಯಾರಾಗುತ್ತದೆ. ಗಿಂಪ್ ಮುಚ್ಚಿ ತೆರೆದರೆ ಮೆನುವಿನಲ್ಲಿ ಹೊಸ ಪದ. ಜಿಇಜಿಎಲ್ ಕೂಡ ನಮ್ಮ ಕೈಯಲ್ಲೇ ಇರೋದರಿಂದ ಇನ್ನೊಂದು ಅನುಕೂಲ ಇದೆ. ಫಿಲ್ಟರ್ ಡೈಲಾಗ್‌ಗಳ ಸ್ಲೈಡರ್ ಹೆಸರುಗಳಲ್ಲಿ ಎಷ್ಟೋ ಬರೋದು ಜಿಇಜಿಎಲ್‌ನ ಅನುವಾದದಿಂದ. ಗಿಂಪ್‌ನ ಫೈಲಿನಲ್ಲಿ ಎಷ್ಟು ಹುಡುಕಿದರೂ ಅವು ಸಿಗುವುದಿಲ್ಲ. ಬೇಡ ಅನಿಸಿದ ದಿನ ಆ ಒಂದು ಫೋಲ್ಡರ್ ಅಳಿಸಿದರೆ ಸಾಕು, ಸಿಸ್ಟಮ್‌ಗೆ ಏನೂ ತಾಗುವುದಿಲ್ಲ.

ಜೆಂಟೂ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಅವಲಂಬನೆಗಳ ಚಿಂತೆ ನಮ್ಮದಲ್ಲ, ಪೋರ್ಟೇಜ್‌ನದು. ನಾವು ಹೇಳಬೇಕಾದ್ದು ಏನು ಬೇಕು, ಏನು ಬೇಡ ಅಂತ ಮಾತ್ರ. ಹೈಫ್, ವೆಬ್‌ಪಿ, ಜೆಪೆಗ್ ಎಕ್ಸ್‌ಎಲ್, ಪೋಸ್ಟ್‌ಸ್ಕ್ರಿಪ್ಟ್ ಎಲ್ಲಕ್ಕೂ ಒಂದೊಂದು ಯೂಸ್ ಫ್ಲ್ಯಾಗ್, ಅಂದರೆ ಬೇಕು-ಬೇಡ ಅಂತ ಹೇಳುವ ಗುರುತು. ಡೆಬಿಯನ್‌ನಲ್ಲಿ ಮೆಸನ್ ಪಟ್ಟಿ ನೋಡಿ ತಿಳಿಯಬೇಕಿದ್ದ ವಿಷಯ ಇಲ್ಲಿ ಮೊದಲೇ ಕಣ್ಣೆದುರು ಇರುತ್ತದೆ. ಹೊಸ ಆವೃತ್ತಿ ಇನ್ನೂ ಟೆಸ್ಟಿಂಗ್‌ನಲ್ಲಿದ್ದರೆ ಕೀವರ್ಡ್ ಫೈಲಿಗೆ ಒಂದು ಸಾಲು ಸೇರಿಸಬೇಕು, ಅಷ್ಟೇ.

ಕಾಯೋದು ಮಾತ್ರ ಜಾಸ್ತಿ. ಗಿಂಪ್ ಸಿ ಭಾಷೆಯದು, ಅದೇನೂ ದೊಡ್ಡ ಹೊರೆಯಲ್ಲ. ಎಸ್‌ವಿಜಿ ಚಿತ್ರಗಳಿಗೆ ಬೇಕಾದ ಲಿಬ್‌ಆರ್‌ಎಸ್‌ವಿಜಿ ರಸ್ಟ್‌ನಲ್ಲಿದೆ. ಅದಕ್ಕೋಸ್ಕರ ರಸ್ಟ್ ಕಂಪೈಲರನ್ನೇ ಬಿಲ್ಡ್ ಮಾಡಲು ಕೂತರೆ ಸಮಯ ಹೋಗುತ್ತದೆ. ರಸ್ಟ್‌ನ ಸಿದ್ಧ ಬೈನರಿ ಪ್ಯಾಕೇಜ್ ಇದೆ, ಅದನ್ನೇ ಹಾಕಿಕೊಳ್ಳಿ. 2023ರ ಡಿಸೆಂಬರ್‌ನಿಂದ ಜೆಂಟೂ ತಾನೇ ಅಧಿಕೃತವಾಗಿ ಬೈನರಿ ಪ್ಯಾಕೇಜುಗಳನ್ನು ಕೊಡುತ್ತಿದೆ. ಭಾರದ್ದನ್ನೆಲ್ಲ ಅಲ್ಲಿಂದ ಇಳಿಸಿ, ನಮಗೆ ಬೇಕಾದದ್ದನ್ನು ಮಾತ್ರ ಬಿಲ್ಡ್ ಮಾಡಿಕೊಳ್ಳಬಹುದು. ಹಳೆಯ ಜೆಂಟೂ ನೆನಪಿಟ್ಟುಕೊಂಡು ಹೆದರುವವರು ಇದನ್ನೊಮ್ಮೆ ನೋಡಲೇಬೇಕು.

ಪ್ಯಾಚ್ ವಿಷಯದಲ್ಲಿ ಜೆಂಟೂ ನನಗೆ ಬಹಳ ಇಷ್ಟವಾಯಿತು. ಪೋರ್ಟೇಜ್‌ನ 'ಪ್ಯಾಚಸ್' ಫೋಲ್ಡರಿನಲ್ಲಿ ಗಿಂಪ್ ಹೆಸರಿನ ಜಾಗಕ್ಕೆ ಪ್ಯಾಚ್ ಫೈಲ್ ಹಾಕಿದರೆ ಮುಂದಿನ ಪ್ರತಿ ಬಿಲ್ಡ್‌ನಲ್ಲೂ ಅದು ತಾನಾಗಿ ಸೇರಿಕೊಳ್ಳುತ್ತದೆ. ಆವೃತ್ತಿ ಬದಲಾದರೂ ನನ್ನ ತಿದ್ದುಪಡಿ ಉಳಿಯುತ್ತದೆ. ಆದರೆ ಒಂದು ಪದ ಬದಲಿಸಿದರೂ ಇಡೀ ಗಿಂಪ್ ಮೊದಲಿಂದ ಬಿಲ್ಡ್ ಆಗುತ್ತದೆ. ಪ್ರಯೋಗ ಮಾಡುವ ಹೊತ್ತಿಗೆ ಇದು ಸರಿಹೋಗಲ್ಲ. ತಿದ್ದಿ ಮುಗಿದದ್ದನ್ನು ದಿನಾ ಬಳಸೋಕೆ ಇದೇ ಸರಿ.

ಫ್ರೀಬಿಎಸ್‌ಡಿ ಪೋರ್ಟ್ಸ್ ವಯಸ್ಸಿನಲ್ಲಿ ಹಿರಿದು. ಪೋರ್ಟೇಜ್‌ಗೆ ಪ್ರೇರಣೆ ಸಿಕ್ಕಿದ್ದೂ ಅಲ್ಲಿಂದಲೇ. ಗಿಂಪ್ ಪೋರ್ಟ್ ಅನ್ನೋದು ಇಲ್ಲಿ ಒಂದು ಕಟ್ಟು ಮಾತ್ರ, ನಿಜವಾದ ಪ್ರೋಗ್ರಾಂ ಇರೋದು 'ಗಿಂಪ್-ಆಪ್'ನಲ್ಲಿ. 'ಕಾನ್ಫಿಗ್-ರಿಕರ್ಸಿವ್' ಮೊದಲೇ ಓಡಿಸಿ ಎಲ್ಲ ಆಯ್ಕೆ ಮುಗಿಸಿಬಿಡಿ. ಇಲ್ಲದಿದ್ದರೆ ನಡುವೆ ಯಾವುದೋ ಲೈಬ್ರರಿ ನೀಲಿ ಪೆಟ್ಟಿಗೆ ತೋರಿಸಿ ಉತ್ತರಕ್ಕೆ ಕಾಯುತ್ತಾ ಕೂತಿರುತ್ತದೆ. 'ಇನ್‌ಸ್ಟಾಲ್-ಮಿಸ್ಸಿಂಗ್-ಪ್ಯಾಕೇಜಸ್' ಅನ್ನೋ ಆದೇಶ ಅವಲಂಬನೆಗಳನ್ನೆಲ್ಲ ಬೈನರಿಯಾಗಿ ತರುತ್ತದೆ. ಮೂರು ಕಡೆಯಲ್ಲಿ ಮೊದಲ ಬಿಲ್ಡ್ ಸಲೀಸಾಗಿ ಆದದ್ದು ಇಲ್ಲೇ.

ಎಚ್ಚರ ಬೇಕಾದದ್ದು ಪೋರ್ಟ್ಸ್ ಮತ್ತು ಸಿದ್ಧ ಬೈನರಿ ತರುವ ಪಿಕೆಜಿ ಬೆರೆಸುವಾಗ. ಪಿಕೆಜಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕವಲೊಡೆಯುವ ಶಾಖೆಯಿಂದ ತರುತ್ತದೆ. ನಿಮ್ಮ ಪೋರ್ಟ್ಸ್ ಟ್ರೀ ಮುಖ್ಯ ಶಾಖೆಯದಾದರೆ ಲೈಬ್ರರಿ ಆವೃತ್ತಿಗಳು ಹೊಂದುವುದಿಲ್ಲ. ಎರಡನ್ನೂ ಒಂದೇ ಶಾಖೆಗೆ ತನ್ನಿ. ಆಮೇಲೆ ಗಿಂಪ್-ಆಪ್‌ಗೆ ಪಿಕೆಜಿ ಲಾಕ್ ಹಾಕಿ. ಲಾಕ್ ಇಲ್ಲದಿದ್ದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ನಿಮ್ಮ ಬಿಲ್ಡ್ ಹೋಗಿ ಅವರ ಬೈನರಿ ಬಂದು ಕೂರಬಹುದು.

ಕನ್ನಡ ಅಕ್ಷರ ಮೂಡುವ ವಿಷಯದಲ್ಲಿ ಮೂರರಲ್ಲೂ ವ್ಯತ್ಯಾಸ ಇಲ್ಲ. ಎಲ್ಲ ಕಡೆ ಅಕ್ಷರ ಜೋಡಿಸುವ ಲೈಬ್ರರಿಗಳಾದ ಪ್ಯಾಂಗೋ, ಹಾರ್ಫ್‌ಬಝ್ ಇವೇ ಕೆಲಸ ಮಾಡುತ್ತವೆ. 'ರಾಷ್ಟ್ರ', 'ಸ್ತ್ರೀ', 'ಧರ್ಮ' ಬರೆದು ನೋಡಿದೆ, ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿಯಾಗಿ ಬಂದವು. ಫಾಂಟ್ ಇರಬೇಕು ಅಷ್ಟೇ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಫಾಂಟ್‌ಗಳು ಪ್ಯಾಕೇಜಾಗಿಯೇ ಸಿಗುತ್ತವೆ.

ಈಗ ತಿದ್ದುವ ಕೆಲಸವೆಲ್ಲ ಡೆಬಿಯನ್‌ನ ಆ ಫೋಲ್ಡರಿನಲ್ಲಿ, ದಿನದ ಬಳಕೆ ಜೆಂಟೂನಲ್ಲಿ. ನೀವು ತಿದ್ದಿದ್ದನ್ನು ಮೂಲ ಯೋಜನೆಗೆ ಕಳಿಸುವ ಮನಸ್ಸಿದ್ದರೆ ಮೊದಲಿಂದಲೇ ಗಿಟ್‌ನಿಂದ ಇಳಿಸಿಕೊಂಡ ಸೋರ್ಸ್ ಮೇಲೆ ಕೆಲಸ ಮಾಡಿ. ಕೋಡ್ ಬದಲಾವಣೆ ಗ್ನೋಮ್‌ನ ಗಿಟ್‌ಲ್ಯಾಬ್‌ಗೆ ಹೋಗುತ್ತದೆ, ಅನುವಾದ ಗ್ನೋಮ್ ಅನುವಾದ ತಂಡಗಳ ತಾಣದ ಮೂಲಕ ಹೋಗುತ್ತದೆ.