ಡಿ2 ಉಕ್ಕಿನ ಉಳಿ: ವರ್ಷಗಟ್ಟಲೆ ಬಳಸಿದ ಮೇಲೆ

ಅಗಲ, ಉದ್ದ, ಹಿಡಿಯ ಮರ ಎಲ್ಲ ಪೆಟ್ಟಿಗೆಯ ಮೇಲೇ ಇದೆ, ಅದನ್ನು ಬಿಡುತ್ತೇನೆ. ನನಗೆ ಹೇಳಬೇಕಿರುವುದು ಈ ಮರಗೆಲಸದ ಉಳಿಯ ಬಾಯಿಯ, ಅಂದರೆ ಕತ್ತರಿಸುವ ಅಂಚಿನ ಬಗ್ಗೆ. ಡಿ2, ಓ1 ಎರಡೂ ಉಪಕರಣ ಮಾಡುವ ಉಕ್ಕಿನ ಬಗೆಗಳು. ಹಳೆಯ ಓ1 ಉಕ್ಕಿನ ಉಳಿಯ ಪಕ್ಕದಲ್ಲೇ ಇದನ್ನಿಟ್ಟುಕೊಂಡು, ಒಂದೇ ಕೆಲಸಕ್ಕೆ ಎರಡನ್ನೂ ಹಚ್ಚುತ್ತಾ ಬಂದಿದ್ದೇನೆ. ಎರಡರ ಗಡಸುತನವೂ 60 ಎಚ್‌ಆರ್‌ಸಿ (ಗಡಸುತನ ಅಳೆಯುವ ರಾಕ್‌ವೆಲ್ ಮಾಪನ) ಆಸುಪಾಸು. ಹಾಗೆಂದು ಎರಡೂ ಒಂದೇ ಅಂದುಕೊಂಡರೆ ಕೆಟ್ಟಿರಿ.

ಮೊದಲು ಖುಷಿ ಕೊಟ್ಟದ್ದು. ಪ್ಲೈವುಡ್‌ನಲ್ಲಿ ಹಿಂಜ್ ಕೂರಿಸಲು ಕಚ್ಚು ತೆಗೆಯುವಾಗ ಪದರಗಳ ನಡುವಿನ ಒಣಗಿದ ಅಂಟು ಓ1 ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ. ಡಿ2 ತನ್ನ ಪಾಡಿಗೆ ಸಾಗುತ್ತದೆ, ಕೊಡತಿಯ ಸದ್ದೂ ಬದಲಾಗುವುದಿಲ್ಲ. ಇದರಲ್ಲಿ ಸುಮಾರು ಶೇ. 1.5 ಇಂಗಾಲ, ಶೇ. 12 ಕ್ರೋಮಿಯಂ ಇದೆ. ಕರಗಿದ ಉಕ್ಕು ಗಟ್ಟಿಯಾಗುವ ಹೊತ್ತಿಗೇ ಇವೆರಡೂ ಸೇರಿ ಕ್ರೋಮಿಯಂ ಕಾರ್ಬೈಡ್ ಕಣಗಳಾಗುತ್ತವೆ. ಸುತ್ತಲಿನ ಮಾರ್ಟೆನ್ಸೈಟ್‌ಗಿಂತ, ಅಂದರೆ ಕಾಯಿಸಿ ತಣಿಸಿದಾಗ ಉಕ್ಕು ತಾಳುವ ಗಡಸು ರೂಪಕ್ಕಿಂತ, ಆ ಕಣಗಳು ಎರಡು ಪಟ್ಟಿಗೂ ಮಿಕ್ಕಿ ಗಡಸು. ಸವೆತದ ಹೊಡೆತವನ್ನು ಅವೇ ತಡೆದುಕೊಳ್ಳುತ್ತವೆ. ಓ1ನಲ್ಲಿ ಇಂಗಾಲ ಶೇ. 0.9ರಷ್ಟು, ಮ್ಯಾಂಗನೀಸ್ ಶೇ. 1ರ ಸುತ್ತ, ಕ್ರೋಮಿಯಂ ಮತ್ತು ಟಂಗ್‌ಸ್ಟನ್ ತಲಾ ಶೇ. 0.5ರಷ್ಟು. ಮ್ಯಾಂಗನೀಸ್ ಇರುವುದರಿಂದ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೂ ಉಕ್ಕು ಒಳತನಕ ಗಡಸಾಗುತ್ತದೆ. ಕಾರ್ಬೈಡ್ ಮಾತ್ರ ಕಡಿಮೆ, ಇರುವುದೂ ಸಣ್ಣದು.

ಡಿ2ಗೆ ಎಣ್ಣೆಯೂ ಬೇಡ, ಕ್ರೋಮಿಯಂ ಮತ್ತು ಮಾಲಿಬ್ಡಿನಮ್ ದೆಸೆಯಿಂದ ಗಾಳಿಯಲ್ಲಿ ಆರಿದರೂ ಗಡಸಾಗುತ್ತದೆ. ನಿಧಾನವಾಗಿ ಆರುವುದರಿಂದ ಸೊಟ್ಟಗಾಗುವುದು ಕಡಿಮೆ. ನನ್ನ ಉಳಿಯ ಬೆನ್ನು ಬಂದಾಗಲೇ ಸಪಾಟಾಗಿತ್ತು.

ಇನ್ನು ಸಾಣೆ. ಕೆಲಸ ಮುಗಿದ ಮೇಲೆ ಕಲ್ಲು ನೆನೆಸಿಟ್ಟು, ಬೆನ್ನನ್ನು ನಾಲ್ಕು ಸಲ ಎಳೆದು, ಇಳಿಜಾರನ್ನು ಮಸೆಯುತ್ತಾ, ಬೆರಳ ತುದಿಗೆ ಎದ್ದ ಅಂಚು ಸಿಗುವವರೆಗೆ ಕೂರುವುದು ನನಗೆ ದಿನದ ಅತ್ಯಂತ ಇಷ್ಟದ ಹೊತ್ತು. ಓ1 ಆ ಹೊತ್ತಿಗೆ ಹೇಳಿ ಮಾಡಿಸಿದ್ದು: ಕಲ್ಲಿನ ಮೇಲೆ ಕಪ್ಪು ಕೆಸರು ಏಳುತ್ತದೆ, ಅಂಚು ಬೇಗ ಸಿಗುತ್ತದೆ, ಮೆದು ಮರದ ಅಡ್ಡ ಕೊಯ್ತವನ್ನು ಕೆತ್ತಿದರೆ ಹೊಳಪು ಬರುತ್ತದೆ. ಡಿ2 ನನ್ನ ನೈಸರ್ಗಿಕ ಕಲ್ಲಿನ ಮೇಲೆ ಜಾರುತ್ತಲೇ ಇರುತ್ತದೆ. ಕಲ್ಲಿನ ಸ್ಫಟಿಕಶಿಲೆಯ ಕಣಕ್ಕಿಂತ ಕ್ರೋಮಿಯಂ ಕಾರ್ಬೈಡೇ ಗಡಸು. ಹಾಗಾಗಿ ಮಾರ್ಟೆನ್ಸೈಟ್ ಸವೆಯುತ್ತದೆ, ಕಾರ್ಬೈಡ್ ನಿಂತೇ ಇರುತ್ತದೆ.

ಇಷ್ಟಾದರೂ ಸಹಿಸಬಹುದಿತ್ತು. ನನಗೆ ಬೇಸರ ತಂದದ್ದು ಚಕ್ಕೆ. ಇಳಿಜಾರನ್ನು 25 ಡಿಗ್ರಿಗೆ ಮಸೆದು ಗಟ್ಟಿ ಮರಕ್ಕೆ ಹೊಡೆದು, ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನುದ್ದಕ್ಕೂ ಸಣ್ಣ ಸಣ್ಣ ಕಚ್ಚು. ಕೆತ್ತಿದ ಮರದ ಮೇಲೆ ಅವೇ ಗೆರೆಗಳಾಗಿ ಮೂಡುತ್ತವೆ. ಮಾಮೂಲಿಯಾಗಿ ಎರಕ ಹೊಯ್ದು ಮಾಡಿದ ಡಿ2ನಲ್ಲಿ ಕಾರ್ಬೈಡ್ ಕಣಗಳು 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಾಟಿ ಬೆಳೆಯುತ್ತವೆ. ಚೆನ್ನಾಗಿ ಮಸೆದ ಅಂಚಿನ ತುದಿ ಒಂದು ಮೈಕ್ರಾನ್‌ಗಿಂತ ತೆಳು. ಅಷ್ಟು ತೆಳುವಾದ ಕಡೆ ಅಷ್ಟು ದಪ್ಪದ ಕಣಕ್ಕೆ ಆಸರೆಯೇ ಇರುವುದಿಲ್ಲ, ಒಡೆಯುತ್ತದೆ ಇಲ್ಲವೇ ಕಿತ್ತು ಬರುತ್ತದೆ. 60 ಎಂಬ ಗಡಸುತನದ ಅಂಕಿ ಇದನ್ನು ಹೇಳುವುದೇ ಇಲ್ಲ. ಮಾರುವವರು ಅದೊಂದನ್ನೇ ದೊಡ್ಡದಾಗಿ ಅಚ್ಚು ಹಾಕುವುದು ಬಳಸುವವರಿಗೆ ಮಾಡುವ ಅನ್ಯಾಯ. ಇದೇ ಉಕ್ಕನ್ನು ಕರಗಿಸಿ, ಹನಿಹನಿಯಾಗಿ ಸಿಡಿಸಿ ಪುಡಿ ಮಾಡಿ, ಒತ್ತಿ ತಯಾರಿಸಿದರೆ ಕಾರ್ಬೈಡ್‌ಗೆ ಬೆಳೆಯಲು ಸಮಯವೇ ಸಿಗುವುದಿಲ್ಲ, ಕಣ ತೀರಾ ಸಣ್ಣದಾಗುತ್ತದೆ. ಉಳಿ ಯಾವ ಬಗೆಯದೆಂದು ಪೆಟ್ಟಿಗೆಯ ಮೇಲೆ ಒಂದು ಸಾಲು ಹಾಕಿದ್ದರೆ ಸಾಕಿತ್ತು.

ಕೋನವನ್ನು 32 ಡಿಗ್ರಿಗೆ ಏರಿಸಿ, ವಜ್ರದ ಪ್ಲೇಟಿನ ಮೇಲೆ ಮಸೆಯಲು ಶುರು ಮಾಡಿದ ಮೇಲೆ ಇದರ ಮೇಲಿನ ಸಿಟ್ಟು ಇಳಿದಿದೆ. ಚಕ್ಕೆ ಏಳುವುದು ಬಹುಮಟ್ಟಿಗೆ ನಿಂತಿದೆ, ಸಾಣೆಯೂ ಬೇಗ ಮುಗಿಯುತ್ತದೆ. ಶೇ. 12 ಕ್ರೋಮಿಯಂ ಇದೆಯೆಂದು ಒದ್ದೆಯಲ್ಲಿ ಮಾತ್ರ ಬಿಡಬೇಡಿ. ಅದರಲ್ಲಿ ಬಹಳಷ್ಟು ಕಾರ್ಬೈಡ್‌ನಲ್ಲೇ ಸಿಕ್ಕಿಕೊಂಡಿರುವುದರಿಂದ ಇದು ಪೂರ್ತಿ ಸ್ಟೇನ್‌ಲೆಸ್ ಅಲ್ಲ. ನನ್ನದರ ಮೇಲೆ ಚುಕ್ಕೆ ಎದ್ದಿದೆ, ಈಗ ತೆಳುವಾಗಿ ಎಣ್ಣೆ ಸವರಿಡುತ್ತೇನೆ.

ಪ್ಲೈವುಡ್, ಪಾರ್ಟಿಕಲ್ ಬೋರ್ಡ್ ಕೆಲಸವೇ ಹೆಚ್ಚಿದ್ದು, ವಜ್ರದ ಪ್ಲೇಟಿಗೂ ದುಡ್ಡು ತೆಗೆದಿಡುವವರು ಇದನ್ನು ಕೊಳ್ಳಿ. ಒಂದೇ ಉಳಿಗೆ ಬಜೆಟ್ ಇದ್ದು, ನಯವಾದ ಕೆತ್ತನೆ ಬೇಕೆನ್ನುವವರಿಗೆ ಓ1 ಸಾಕು.